ಒರಳಿಗಾಗಿ ಒಂದು ಆಕ್ಸಲ್

ಪಿಕಪ್ಪಿನ ಹಿಂದಿನ ಆಕ್ಸಲ್ ಮುರಿದದ್ದು ತನ್ನ ಹೆಂಡತಿ ಹೂವಮ್ಮನ ಒರಳುಕಲ್ಲಿನಿಂದ ಎಂಬುದರಲ್ಲಿ ಮಂಜುನಾಥಪ್ಪನಿಗೆ ಸಂಶಯವೇ ಇರಲಿಲ್ಲ. ಒರಳು ಹತ್ತಿಸಿದ್ದೇ ತಡ, ಯುದ್ಧಕಾಲದ ಆ ಮುದಿ ಗಾಡಿ ಅಂಗಳದಲ್ಲೇ ಲಟಕ್ಕೆಂದು ಕುಕ್ಕರಿಸಿತ್ತು.

"ಹೊಸ ಊರಲ್ಲಿ ಕಲ್ಲಿಗೆ ಬರವಾ?" ಎಂದು ರೇಗಿದ.

"ಕಲ್ಲಿಗೆ ಬರ ಇಲ್ಲ. ನನ್ ಕೈಗೆ ಪಳಗಿದ್ ಕಲ್ಲಿಗೆ ಬರ."

ಶರಾವತಿಯ ಅಣೆಕಟ್ಟಿನ ನೀರು ಕೆಳಗದ್ದೆಯನ್ನು ನುಂಗಿಯಾಗಿತ್ತು. ಊರವರೆಲ್ಲ ಹೊರಟುಹೋಗಿ ಉಳಿದವರು ಇವರಿಬ್ಬರೇ. ಶನಿವಾರ ದಾಟಿದರೆ ದಾರಿಯೂ ಮುಳುಗುತ್ತದೆಂದು ಅಮಲ್ದಾರರ ಜವಾನ ಸಾರಿ ಹೋಗಿದ್ದ.

ಮಂಜುನಾಥಪ್ಪ ಸಾಗರದಿಂದ ಲಾರಿಯ ಹಳೆಯ ಆಕ್ಸಲನ್ನೇ ಡಿಫರೆನ್ಷಿಯಲ್ ಸಮೇತ ತರಿಸಿದ. "ಇನ್ನು ಒರಳೇನು, ಕವಲೇದುರ್ಗದ ಕೋಟೆಯನ್ನೇ ಹೇರು!" ಎಂದು ಘೋಷಿಸಿದ. (ಬೋಲ್ಟ್ ಬಿಚ್ಚಲು ಬರುವವನಿಗೆ ಕಟ್ಟಲೂ ಬರುತ್ತದೆ ಎಂಬುದು ಅವನ ಇಡೀ ಯಂತ್ರಶಾಸ್ತ್ರ.)

ಆಕ್ಸಲ್ಲಿನ ನಡುವೆ ಹಲ್ಲುಚಕ್ರಗಳನ್ನು ತುಂಬಿಕೊಂಡ ಬುರುಡೆಯಂಥ ಡಿಫರೆನ್ಷಿಯಲ್ಲಿಂದ ಕಪ್ಪೆಣ್ಣೆ ಸೋರಿ, ಆಗಷ್ಟೇ ಸಾರಿಸಿ ರಂಗೋಲಿಯಿಟ್ಟ ಅಂಗಳಕ್ಕೆ ತೊಟ್ಟಿಕ್ಕಿತು.

"ನನ್ ಅಂಗಳ!" ಹೂವಮ್ಮ ಕೂಗಿದಳು.

"ಅಲ್ಲ ಮಾರಾಯ್ತಿ, ನಾಲ್ಕು ದಿನಕ್ಕೆ ಇಲ್ಲಿ ಮೀನು ಓಡಾಡ್ತಾವೆ!"

"ಓಡಾಡ್ಲಿ. ಚೊಕ್ಕ ಅಂಗಳದಲ್ಲಿ ಓಡಾಡ್ಲಿ."

ಅವನು ಆಕ್ಸಲನ್ನು ತಲೆಕೆಳಗಾಗಿ ಹೊರಳಿಸಿದ. ಸೋರುವ ಬಾಯಿ ಮೇಲಾಗಿ ಎಣ್ಣೆ ನಿಂತಿತು. ಹೇಗೆ ಹೊರಳಿಸಿದ್ದನೋ ಹಾಗೆಯೇ, ಹೂವಮ್ಮನಿಂದ ಹಗ್ಗ ಎಳೆಸಿ, ಮೂರು ದಿನ ಗಾಡಿಯಡಿ ಅಂಗಾತ ಬಿದ್ದು ಬಿಗಿದ.

ಶನಿವಾರ ಬೆಳಗ್ಗೆ ಸಾಮಾನೆಲ್ಲ ಹೇರಿ ಒಂದನೇ ಗೇರ್ ಹಾಕಿದ. ಪಿಕಪ್ ಹಿಂದಕ್ಕೆ ಹೋಯಿತು. ಎರಡನೇ ಗೇರಿಗೆ ಇನ್ನೂ ಜೋರಾಗಿ ಹಿಂದಕ್ಕೆ. ರಿವರ್ಸ್ ಹಾಕಿದರೆ ಮಾತ್ರ ಮುಂದಕ್ಕೆ, ಅದೂ ಗಬ್ಬದೆಮ್ಮೆಯ ನಡಿಗೆ. ಗದ್ದೆಯಂಚು ತಲುಪುವಷ್ಟರಲ್ಲಿ ಇಂಜಿನ್ ಕುದಿಯಿತು. ಬುಡಮೇಲಾದ ಆಕ್ಸಲ್ ಚಕ್ರಗಳನ್ನೂ ಉಲ್ಟಾ ತಿರುಗಿಸುತ್ತಿತ್ತು. ಬಿಚ್ಚಿ ಕಟ್ಟಲು ಮತ್ತೆ ಮೂರು ದಿನ ಬೇಕು. ನೀರು ಹುಣಸೆಮರದ ಬುಡಕ್ಕೆ ಬಂದಿತ್ತು.

"ಹಿಂದ್ ಹಿಂದಕ್ಕೇ ಹೋಗಣ," ಎಂದಳು ಹೂವಮ್ಮ. ಹಿಂದಿನ ತೊಟ್ಟಿಯಲ್ಲಿ ಒರಳಿನ ಮೇಲೆ ಕೂತು ದಾರಿ ಹೇಳತೊಡಗಿದಳು. "ಎಡಕ್ಕೆ! ನಿಮ್ ಎಡ ಅಲ್ಲ, ನನ್ನೆಡ! ಇಪ್ಪತ್ ವರ್ಷದಲ್ಲಿ ಒಂದಿನವಾದ್ರೂ ಹೇಳಿದ್ ಮಾತು ಕೇಳಿ!"

ಕೇಳಿದ. ಅವಳಿಗೆ ಬರುವ ದಾರಿ ಕಾಣುತ್ತಿತ್ತು. ಅವನಿಗೆ ಬಿಟ್ಟ ಊರು ಕಾಣುತ್ತಿತ್ತು. ಬಾಗಿಲು ಕಿತ್ತ ಮನೆಗಳು, ಚೊಕ್ಕ ಅಂಗಳ, ಅದರಾಚೆ ಬೂದುಬಣ್ಣದ ನೀರು, ಎಲ್ಲವೂ ನಿಧಾನವಾಗಿ ಚಿಕ್ಕವಾದವು. ಮಂಜುನಾಥಪ್ಪ ಎದುರಿನ ಗಾಜನ್ನು ಒರೆಸಿದ. ಗಾಜು ಒಣಗಿಯೇ ಇತ್ತು.

ಹೊಸನಗರದಾಚೆಯ ಹೊಸ ಕೇರಿಗೆ ಮುಟ್ಟುವಾಗ ಸಂಜೆ. ತಮಗೆ ಕೊಟ್ಟ ತಗಡಿನ ಗುಡಿಸಲಿನ ಮುಂದೆ ಗಾಡಿ ನಿಂತಿತು, ಬೆನ್ನು ಬಾಗಿಲಿಗೆ, ಮೂತಿ ರಸ್ತೆಗೆ. ಪಕ್ಕದ ಗುಡಿಸಲಿನ ರಂಗಮ್ಮ ಹೊರಬಂದು ಹೇರಿದ ಸಾಮಾನು ನೋಡಿದಳು.

"ಅಯ್ಯೋ, ಬಂದದ್ದೇ ಗೊತ್ತಾಗ್ಲಿಲ್ಲ, ಹೊರಟೂ ಬಿಟ್ರಾ? ತಡೀರಿ, ಬರಿಗೈಲಿ ಹೋಗ್ಬಾರ್ದು."

ಅರಿಶಿನ ಕುಂಕುಮ, ಸೇರಕ್ಕಿ, ತೆಂಗಿನಕಾಯಿ ತಂದಳು.

"ಅಮ್ಮಾ, ನಾವು ಹೊರಟದ್ದಲ್ಲ, ಈಗಷ್ಟೇ ಬಂ..."

"ನೀವು ಸುಮ್ನಿರ್ರಿ," ಎಂದಳು ಹೂವಮ್ಮ. ಊರು ಬಿಡುವಾಗ ಅವಳ ಹಣೆಗೆ ಕುಂಕುಮವಿಟ್ಟು ಕಳಿಸಲು ಅಲ್ಲಿ ಒಬ್ಬರೂ ಉಳಿದಿರಲಿಲ್ಲ. ಸೆರಗೊಡ್ಡಿದಳು. ಅಕ್ಕಿ ಮಡಿಲಿಗೆ ಬೀಳುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು.

ರಂಗಮ್ಮ ಅವಳನ್ನು ತಬ್ಬಿ, ಮಂಜುನಾಥಪ್ಪನತ್ತ ಕಣ್ಣು ಕೆಕ್ಕರಿಸಿದಳು. "ಎಂಥ ಗಂಡಸ್ರೀ ನೀವು! ಇಷ್ಟ್ ಅಳೋಳನ್ನ ಈ ಊರು ಬಿಡಿಸ್ಕೊಂಡ್ ಹೋಗ್ತೀರಾ? ಅವಳಿಲ್ಲೇ ಇರ್ತಾಳೆ. ಇಂಜಿನ್ ನಿಲ್ಸಿ, ಸಾಮಾನಿಳ್ಸಿ!"

ತಪ್ಪಿತಸ್ಥನಂತೆ ತಲೆತಗ್ಗಿಸಿ, ಮಂಜುನಾಥಪ್ಪ ಇಳಿಸತೊಡಗಿದ.