ತಟ್ಟೆಯಲ್ಲಿ ಉಳಿದ ಬೋಲ್ಟು

ಡೆಲ್ಬರ್ಟ್ ಕ್ರೌಸನ ಗ್ರಹಚಾರ ಕೆಟ್ಟದ್ದು ಒಂದು ಬೋಲ್ಟಿನಿಂದ. ಅದೂ ಕಳೆದುಹೋದ ಬೋಲ್ಟಲ್ಲ, ಮಿಕ್ಕಿಹೋದ ಬೋಲ್ಟು.

ಪ್ಲಮ್ ಫೋರ್ಕ್ ಹೈಸ್ಕೂಲಿನಲ್ಲಿ ಕಾರು ರಿಪೇರಿ ಕಲಿಸುವ ಆಟೋ ಶಾಪ್ ತರಗತಿಯ ಮಕ್ಕಳು ಎರಡು ವರ್ಷ ಮೈಕೈಗೆಲ್ಲ ಗ್ರೀಸ್ ಮೆತ್ತಿಕೊಂಡು, ಐವತ್ತೇಳನೇ ಇಸವಿಯ ಒಂದು ತೆರೆದ ಕಾರನ್ನು ಬಿಚ್ಚಿ ಮತ್ತೆ ಜೋಡಿಸಿದ್ದರು. ಯಾರದೋ ಜೋಳದ ಹೊಲದ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಕಾರು ಅದು. ಈಗ ತಿಳಿನೀಲಿ ಬಣ್ಣ ಬಳಿಸಿಕೊಂಡು ಮದುಮಗಳ ಹಾಗೆ ನಿಂತಿತ್ತು. ಬಿಚ್ಚಿದ ಬೋಲ್ಟುಗಳನ್ನೆಲ್ಲ ಮಫಿನ್ ಬೇಯಿಸುವ ಗುಳಿತಟ್ಟೆಗಳಲ್ಲಿ ಹಾಕಿ, ಒಂದೊಂದು ಗುಳಿಗೂ ಚೀಟಿ ಅಂಟಿಸಿಡುವುದು ಅಲ್ಲಿನ ಪದ್ಧತಿ. ಆ ತಟ್ಟೆಗಳ ಉಸ್ತುವಾರಿ ಡೆಲ್ಬರ್ಟನದು, ಎಲ್ಲರ ಬಾಯಲ್ಲಿ ಡೆಲ್. ಕೊನೆಯ ದಿನ ತಟ್ಟೆಗಳೆಲ್ಲ ಖಾಲಿಯಾಗಿದ್ದರೆ, ಹಳೆಯ ವಿದ್ಯಾರ್ಥಿಗಳೆಲ್ಲ ಶಾಲೆಗೆ ಮರಳುವ ಹೋಮ್‌ಕಮಿಂಗ್ ಹಬ್ಬದ ಮೆರವಣಿಗೆಯಲ್ಲಿ ಕಾರು ಓಡಿಸುವವನು ಅವನೇ ಎಂದು ಹಾಲ್ವರ್ಸನ್ ಮೇಷ್ಟ್ರು ಮೊದಲೇ ಹೇಳಿಬಿಟ್ಟಿದ್ದರು.

ಈ ಮಾತನ್ನು ಡೆಲ್‌ಗಿಂತ ಗಟ್ಟಿಯಾಗಿ ಹಿಡಿದುಕೊಂಡವರು ಅವನ ಅಜ್ಜಿ ಇರ್ಮಾ. ಐವತ್ತೇಳರಲ್ಲಿ ಅವರು ಇದೇ ಶಾಲೆಯ ಮಕ್ಕಳು ಆರಿಸಿದ ಹೋಮ್‌ಕಮಿಂಗ್ ರಾಣಿ. ಆದರೆ ಮೆರವಣಿಗೆಯ ಬೆಳಗ್ಗೆ ಎದ್ದು ಕನ್ನಡಿ ನೋಡಿಕೊಂಡರೆ ಎರಡೂ ಕೆನ್ನೆಗೆ ಮಂಗನಬಾವು. ರಾಣಿ ಹಾಸಿಗೆಯಲ್ಲಿ ಮಲಗಿದರು, ಕಾರಿನಲ್ಲಿ ಕೂತು ಊರಿಗೆಲ್ಲ ಕೈಬೀಸಿದ್ದು ಎರಡನೇ ಸ್ಥಾನಕ್ಕೆ ಬಂದಿದ್ದ ವಿಲ್ಮಾ. ಈ ಕತೆಯನ್ನು ಅಜ್ಜಿ ಅರವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಈ ಸಲ ಮೊಮ್ಮಗ ಓಡಿಸುವ ಕಾರಿನಲ್ಲಿ ಕೂತು, ರಸ್ತೆ ಬದಿಯಲ್ಲಿ ಮಡಚುಕುರ್ಚಿ ಹಾಕಿಕೊಂಡಿರುವ ವಿಲ್ಮಾಳಿಗೆ ಕೈಬೀಸಬೇಕು. ಅವರಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಅದೊಂದೇ. ಹಳದಿ ಗೌನು ಇಸ್ತ್ರಿಯಾಗಿ ಒಂದು ವಾರವಾಗಿತ್ತು.

ಶುಕ್ರವಾರ ಬೆಳಗ್ಗೆ ಏಳಕ್ಕೆ ಡೆಲ್ ತಟ್ಟೆಗಳನ್ನು ಒರೆಸಿಡಲು ಶಾಪ್‌ಗೆ ಬಂದ. ಕೊನೆಯ ತಟ್ಟೆಯ ಮೂಲೆಯ ಗುಳಿಯಲ್ಲಿ ಬೆರಳುದ್ದದ ಒಂದು ಕಪ್ಪು ಬೋಲ್ಟು ಕೂತಿತ್ತು. ಚೀಟಿ ಇಲ್ಲ. ನಿನ್ನೆ ಸಂಜೆ ಅದೇ ಗುಳಿ ಖಾಲಿಯಿದ್ದದ್ದನ್ನು ಅವನು ಕಣ್ಣಾರೆ ನೋಡಿದ್ದ. ನೋಡಿದ್ದೆನೋ ಇಲ್ಲವೋ ಎಂದು ಈಗ ಅವನಿಗೇ ಅನುಮಾನ ಬಂತು. ಮೆರವಣಿಗೆ ಎರಡು ಗಂಟೆಗೆ. ಮೇಷ್ಟ್ರು ಹಲ್ಲು ಕೀಳಿಸಿಕೊಳ್ಳಲು ಪಕ್ಕದ ಊರಿಗೆ ಹೋಗಿದ್ದರು, ಬರುವುದು ಮಧ್ಯಾಹ್ನ.

ಅಷ್ಟರಲ್ಲಿ ಸಹಪಾಠಿ ಮಾರ್ಲಾ ಬಂದಳು. ಎಂಜಿನ್ ಕೆಲಸದಲ್ಲಿ ಇಡೀ ತರಗತಿಯನ್ನು ಮೀರಿಸಿದ ಹುಡುಗಿ.

"ಮೇಷ್ಟ್ರಿಗೆ ಹೇಳ್ಬಿಡೋ," ಎಂದಳು.

"ಹೇಳಿದ್ರೆ ಕೀ ಹೋಯ್ತು, ಅಜ್ಜಿ ಆಸೇನೂ ಹೋಯ್ತು. ಅವರು ಬರೋದ್ರೊಳಗೆ ಇದರ ಜಾಗ ಹುಡುಕ್ಬೇಕು. ನೀನು ಬಾಯಿ ಬಿಡ್ಬೇಡ ಕಣೇ."

ಮಾರ್ಲಾಳ ಪ್ರಕಾರ ಅದು ಸೀಟಿನದು. ಮುಂದಿನ ಸೀಟು ಬಿಚ್ಚಿದರು. ಇರಬೇಕಾದದ್ದೆಲ್ಲ ಇತ್ತು, ಜೊತೆಗೆ ಕಳೆದ ಚಳಿಗಾಲದಲ್ಲಿ ಕಾಣೆಯಾಗಿದ್ದ ಯಾರದೋ ಅರ್ಧ ಸ್ಯಾಂಡ್‌ವಿಚ್ಚೂ ಸಿಕ್ಕಿತು. ಸೀಟನ್ನು ಮತ್ತೆ ಕೂರಿಸುವಾಗ ಕಸ ಗುಡಿಸುವ ಲೈಲ್ ಪೊರಕೆ ಹಿಡಿದು ಒಳಗೆ ಬಂದ. ಇಪ್ಪತ್ತು ವರ್ಷದ ಹಿಂದೆ ಇದೇ ತರಗತಿಯಲ್ಲಿ ಕಲಿತವನು. ಆ ಬೋಲ್ಟನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿ, ಇದು ಹಿಂದಿನ ಬಂಪರಿನದೇ, ಅಲ್ಲವಾದರೆ ತನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ ಎಂದ. ಡೆಲ್ ಬೇಡ ಎನ್ನುವಷ್ಟರಲ್ಲಿ ಬಂಪರು ಕೆಳಗಿಳಿದಿತ್ತು. ಅಲ್ಲೂ ಬೋಲ್ಟುಗಳೆಲ್ಲ ಸರಿಯಾಗಿದ್ದವು. ಲೈಲ್ ಹೆಸರನ್ನೇನೂ ಬದಲಾಯಿಸಿಕೊಳ್ಳಲಿಲ್ಲ.

ಗದ್ದಲ ಕೇಳಿ ಕ್ಯಾಂಟೀನಿನ ಪ್ರೋಕಾಪ್ ಅಮ್ಮ ಹಿಟ್ಟಿನ ಕೈಯಲ್ಲೇ ಬಂದರು. ಶುಕ್ರವಾರದ ಚಿಲ್ಲಿ ಎಂಬ ಮಾಂಸದ ಖಾರದ ಸಾರಿನ ಜೊತೆಗೆ ದಾಲ್ಚಿನ್ನಿ ರೋಲ್ ಮಾಡುವ ಗಡಿಬಿಡಿ ಅವರಿಗೆ. ಬೋಲ್ಟು ನೋಡಿದವರೇ ಇದು ನನ್ನ ಹಿಟ್ಟಿನ ಯಂತ್ರದ್ದು, ಕಳ್ಳರು ನೀವೇನಾ ಎಂದು ಅದನ್ನು ಕಿತ್ತುಕೊಂಡು ಹೋದರು. ಹತ್ತು ನಿಮಿಷಕ್ಕೆ ವಾಪಸು ಬಂದರು. ಯಂತ್ರದಲ್ಲಿ ಒಂದು ಬೋಲ್ಟು ಇಲ್ಲದ್ದು ನಿಜವಂತೆ, ಆದರೆ ಇದು ಅದಲ್ಲವಂತೆ. ತಲೆಯೊಳಗೆ ಹೊಸದೊಂದು ಹುಳ ಬಿಟ್ಟುಕೊಂಡು ಹೊರಟುಹೋದರು.

ಹನ್ನೊಂದಾಯಿತು. ಬಂಪರನ್ನು ಮತ್ತೆ ಕೂರಿಸುವಾಗ ಎಡಗಡೆಯನ್ನು ಲೈಲ್ ಬಿಗಿದಿದ್ದಾನೆ ಎಂದು ಡೆಲ್ ತಿಳಿದ, ಡೆಲ್ ಬಿಗಿದಿದ್ದಾನೆ ಎಂದು ಲೈಲ್ ತಿಳಿದ. ಬಂಪರು ನೋಡಲು ನೆಟ್ಟಗೇ ನಿಂತಿತ್ತು. ಡೆಲ್‌ನ ತಲೆ ಕೆಟ್ಟು ಗೊಬ್ಬರವಾಗಿತ್ತು. ಬ್ರೇಕಿನದಾಗಿದ್ದರೆ? ಸ್ಟಿಯರಿಂಗಿನದಾಗಿದ್ದರೆ? ಅಜ್ಜಿಯನ್ನು ಕೂರಿಸಿಕೊಂಡು ನೇರ ಧಾನ್ಯದ ಉಗ್ರಾಣಕ್ಕೆ ನುಗ್ಗಿದರೆ? ಹೇಳಲೂ ಭಯ, ಸುಮ್ಮನಿರಲೂ ಭಯ. ಕೊನೆಗೆ ಬೋಲ್ಟನ್ನು ಪ್ಯಾಂಟಿನ ಜೇಬಿಗೆ ತುರುಕಿ ಹೊರಗೆ ಒಂದು ಸುತ್ತು ಹೋಗಿಬಂದ.

"ಏನ್ ಮಾಡ್ದೆ ಅದನ್ನ?" ಮಾರ್ಲಾ ಕೇಳಿದಳು.

"ಚರಂಡಿಗೆ ಎಸೆದೆ. ಅಂಥದ್ದೊಂದು ಇರ್ಲೇ ಇಲ್ಲ ಅಂದ್ಕೋ."

ಡೆಲ್ ಊಟಕ್ಕೆ ಹೋದಮೇಲೆ ಮಾರ್ಲಾ ನೆಲ ಒರೆಸುತ್ತಿದ್ದಾಗ ಹಿಂದಿನ ಚಕ್ರದ ಮರೆಯಲ್ಲಿ ಬೆರಳುದ್ದದ ಒಂದು ಕಪ್ಪು ಬೋಲ್ಟು ಕಾಲಿಗೆ ತಾಗಿತು. ಪುಣ್ಯಾತ್ಮನಿಗೆ ಎಸೆಯಲೂ ಬರುವುದಿಲ್ಲ ಎಂದುಕೊಂಡಳು. ಅದನ್ನು ನೋಡುತ್ತ ನೋಡುತ್ತ ಇರ್ಮಾ ಅಜ್ಜಿಯ ಮುಖ ಅವಳ ಕಣ್ಣಮುಂದೆ ಬಂತು. ಬೋಲ್ಟನ್ನು ಒರೆಸುವ ಬಟ್ಟೆಯಲ್ಲಿ ಸುತ್ತಿಕೊಂಡು, ಆಗಷ್ಟೇ ಬಂದು ತಮ್ಮ ಕಾರಿನಿಂದ ಇಳಿಯುತ್ತಿದ್ದ ಮೇಷ್ಟ್ರ ಹತ್ತಿರ ಹೋದಳು.

ಒಂದೂ ಮುಕ್ಕಾಲಿಗೆ ಶಾಪ್‌ನ ದೊಡ್ಡ ಬಾಗಿಲು ತೆರೆಯಿತು. ಹೊರಗೆ ಶಾಲೆಯ ಬ್ಯಾಂಡು ಆಗಲೇ ಬಾರಿಸುತ್ತಿತ್ತು. ಅಜ್ಜಿ ಹಳದಿ ಗೌನಿನಲ್ಲಿ, ಪೆಟ್ಟಿಗೆಯಿಂದ ತೆಗೆದ ಐವತ್ತೇಳರ ಕಿರೀಟ ತೊಟ್ಟು, ಹಿಂದಿನ ಸೀಟಿನ ಒರಗಿನ ಮೇಲೇರಿ ಕೂತಿದ್ದರು. ಮೇಷ್ಟ್ರು ಊದಿದ ದವಡೆಯಲ್ಲಿ ಹತ್ತಿ ಕಚ್ಚಿಕೊಂಡು, ಅರ್ಧ ಬಾಯಲ್ಲಿ ಮಾತಾಡಿದರು.

"ಮೂವತ್ತೊಂದು ವರ್ಷದಿಂದ ಕಾರು ಮುಗಿಯೋ ದಿನ ನನ್ನ ಟ್ರ್ಯಾಕ್ಟರಿನ ಒಂದು ಬೋಲ್ಟು ತಟ್ಟೇಲಿ ಹಾಕ್ತೀನಿ. ಈ ಕಾರಿಗೂ ಅದಕ್ಕೂ ಸಂಬಂಧ ಇಲ್ಲ. ಯಾರು ಬಂದು 'ಸಾರ್, ಒಂದು ಮಿಕ್ಕಿದೆ' ಅಂತ ಬಾಯ್ಬಿಟ್ಟು ಹೇಳ್ತಾರೋ ಅವ್ರಿಗೆ ಕೀ. ಮುಚ್ಚಿಟ್ಟೋರ್ನ ನಂಬಿ ನಾನು ಜನರನ್ನ ಕೂರಿಸಲ್ಲ."

ಈ ಗುಟ್ಟು ಊರಿನಲ್ಲಿ ಯಾರಿಗೂ ಗೊತ್ತಾಗದೆ ಉಳಿದದ್ದು ಹೇಗೆಂದರೆ, ಸಿಕ್ಕಿಬಿದ್ದವರಿಗೆ ಹೇಳಿಕೊಳ್ಳಲು ನಾಚಿಕೆ, ಕೀ ಗೆದ್ದವರಿಗೆ ಮುಂದಿನವರೂ ಸಿಕ್ಕಿಬೀಳಲಿ ಎಂಬ ಆಸೆ. ಬಾಗಿಲಲ್ಲಿ ನಿಂತಿದ್ದ ಲೈಲ್ ಇಪ್ಪತ್ತು ವರ್ಷದ ನಂತರ ಇವತ್ತು ಏನೋ ಅರ್ಥವಾದವನಂತೆ ತಲೆ ಕೆರೆದುಕೊಂಡ.

ಮೇಷ್ಟ್ರು ಕೀಯನ್ನು ಮಾರ್ಲಾಳ ಕೈಗಿಟ್ಟರು. ಅವಳು ಡೆಲ್‌ನ ಕಡೆ ತಿರುಗಿ, "ಅಜ್ಜಿಗೆ ಏನಾದ್ರೂ ಆದ್ರೆ ಅಂತ ಬೋಲ್ಟು ಕೊಟ್ಟು ಹೇಳ್ದೆ ಕಣೋ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಡೆಲ್‌ಗೆ ಸಿಟ್ಟಿಗಿಂತ ಗೊಂದಲವೇ ಹೆಚ್ಚಾಯಿತು. ಟ್ರ್ಯಾಕ್ಟರಿನ ಬೋಲ್ಟನ್ನು ಇವಳು ಮೇಷ್ಟ್ರಿಗೆ ಕೊಟ್ಟಿದ್ದರೆ, ಬೆಳಗ್ಗೆಯಿಂದ ತನ್ನ ತೊಡೆಗೆ ಚುಚ್ಚುತ್ತಿರುವುದು ಯಾವುದು? ಹಾಗಾದರೆ ಮಿಕ್ಕಿದ್ದು ಎರಡೋ? ಎರಡನೆಯದನ್ನು ಯಾರು ಹಾಕಿದರು? ಜೇಬಿಗೆ ಕೈಹಾಕಿ, ಬಾಯಿ ತೆರೆದು "ಸಾರ್" ಎಂದ. ಅಷ್ಟರಲ್ಲಿ ಮಾರ್ಲಾ ಹತ್ತಿ ಹೊರಡಿಸಿದ ಕಾರು ಹೊಸ್ತಿಲು ದಾಟಿತು, ಹಿಂದಿನ ಬಂಪರಿನ ಎಡಭಾಗ ಠಣ್ ಎಂದು ಕಳಚಿಕೊಂಡು ನೆಲಕ್ಕೆ ಬಡಿಯಿತು.

ಬೇರೆ ಬೋಲ್ಟು ಹುಡುಕಲು ಹೊತ್ತಿರಲಿಲ್ಲ. ಹಿಂದೆ ಅಗ್ನಿಶಾಮಕದವರ ಗಾಡಿ ಹಾರ್ನ್ ಹೊಡೆಯುತ್ತಿತ್ತು. ಮೇಷ್ಟ್ರು ಡೆಲ್‌ನನ್ನೂ ಬಂಪರನ್ನೂ ನೋಡಿದರು. "ಎತ್ತಿ ಹಿಡ್ಕೊಂಡು ನಡಿ," ಎಂದು ಹೇಳಿ ಮುಂದಿನ ಸೀಟಿನಲ್ಲಿ ಕೂತರು.

ಹಾಗೆ ಮುಖ್ಯರಸ್ತೆಯುದ್ದಕ್ಕೂ ಒಂದೂವರೆ ಮೈಲಿ ಮಾರ್ಲಾ ಓಡಿಸಿದಳು, ಅಜ್ಜಿ ಕೈಬೀಸಿದರು, ಡೆಲ್ ಸೊಂಟ ಬಗ್ಗಿಸಿ ಎರಡೂ ಕೈಯಲ್ಲಿ ಬಂಪರು ಹಿಡಿದು ಹೊಗೆ ಕುಡಿಯುತ್ತ ನಡೆದ. ಪುಟಾಣಿಗಳು ಆಯ್ದುಕೊಳ್ಳಲಿ ಎಂದು ಮುಂದಿನ ಗಾಡಿಯವರು ಎರಚಿದ ಮಿಠಾಯಿಗಳು ಅವನ ಕಾಲಡಿ ಪುಡಿಯಾದವು.

ಆಟದ ಮೈದಾನ ತಲುಪಿದ ಮೇಲೆ ಮೇಷ್ಟ್ರು ಇಳಿದು, ಬೋಲ್ಟನ್ನು ಟ್ರ್ಯಾಕ್ಟರಿಗೆ ಮತ್ತೆ ಹಾಕಬೇಕಲ್ಲ ಎಂದು ಅಂಗಿಯ ಜೇಬಿನಿಂದ ಮಾರ್ಲಾಳ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಕನ್ನಡಕ ಏರಿಸಿದರು, ಇಳಿಸಿದರು.

"ಇದು ನನ್ನದಲ್ಲ."

ಮೆರವಣಿಗೆಯ ಹಿಂದೆಯೇ ಬಂದಿದ್ದ ಲೈಲ್ ಬಗ್ಗಿ ನೋಡಿದ. "ಸಾರ್, ಇದು ಬಂಪರಿಂದು."

ಒಂದೂವರೆ ಮೈಲಿ ಡೆಲ್ ಹೊತ್ತು ತಂದ ಬಂಪರಿನ ಬೋಲ್ಟು ಅದೇ ಕಾರಿನ ಮುಂದಿನ ಸೀಟಿನಲ್ಲಿ, ಮೇಷ್ಟ್ರ ಜೇಬಿನಲ್ಲಿ ಹಾಯಾಗಿ ಬಂದಿತ್ತು. ಡೆಲ್ ಮೆಲ್ಲಗೆ ತನ್ನ ಜೇಬಿಗೆ ಕೈಹಾಕಿ ಇನ್ನೊಂದನ್ನು ತೆಗೆದುಕೊಟ್ಟ.

"ಚರಂಡಿಗೆ ಎಸೆದೆ ಅಂದ್ಯಲ್ಲೋ," ಎಂದಳು ಮಾರ್ಲಾ.

"ಬೆಳಗ್ಗೆಯಿಂದ ನಿನ್ನ ಹತ್ರಾನೇ ಇತ್ತಾ?" ಎಂದರು ಮೇಷ್ಟ್ರು. "ಮೆರವಣಿಗೆಗೆ ಮುಂಚೆ ಕೊಟ್ಟಿದ್ರೆ ಕೀ ನಿನ್ನದೇ ಆಗಿತ್ತಲ್ಲೋ."

ಅಷ್ಟರಲ್ಲಿ ಅಜ್ಜಿ ಕಿರೀಟ ಸರಿಮಾಡಿಕೊಳ್ಳುತ್ತ ಬಂದು ಡೆಲ್‌ನ ತೋಳು ಹಿಡಿದರು. ಅರವತ್ತು ವರ್ಷ ಕಡಿಮೆಯಾದವರ ಹಾಗೆ ಕಾಣುತ್ತಿದ್ದರು.

"ವಿಲ್ಮಾ ಮುಖ ನೋಡಿದ್ಯೇನೋ? ಸುಟ್ಟ ಬದನೇಕಾಯಿ ಆಗಿತ್ತು ಕಣೋ. ನೋಡ್ದೆ ತಾನೇ?"

"ಹೂಂ ಅಜ್ಜಿ," ಎಂದ ಡೆಲ್.

ನೋಡಿರಲಿಲ್ಲ. ಇಡೀ ದಾರಿ ಅವನು ನೋಡುತ್ತ ಬಂದದ್ದು, ತಾನೇ ಮೂರು ವಾರ ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ ಆ ಉಬ್ಬು ಬಂಪರಿನಲ್ಲಿ, ಎರಡೂ ಕೆನ್ನೆ ಮಂಗನಬಾವು ಬಂದಂತೆ ಊದಿಕೊಂಡಿದ್ದ ತನ್ನದೇ ಮುಖವನ್ನು.