ಗುಣವಾದ ಗಡಿಯಾರಗಳೂ ಕಪ್ಪು ಪರದೆಯೂ

“ಯಂತ್ರ ಯಾವುದೇ ಇರಲಿ, ನನ್ನ ಕೈಗೆ ಬಂದ ಮೇಲೆ ನಡೆಯಲೇಬೇಕು!” ಇದು ಗಡಿಯಾರದವರ ಶಪಥ. ಮನೆಯ ಮುಂದಿನ ಕೋಣೆಯೇ ಅವರ ರಿಪೇರಿ ಅಂಗಡಿ. ಕೆಟ್ಟ ಗಡಿಯಾರಗಳೆಲ್ಲ ಅಲ್ಲಿ ದಾರಿಗೆ ಬರುತ್ತಿದ್ದವು. ದಾರಿಗೆ ಬಾರದ್ದು ಅವರ ಹೊಟ್ಟೆಕಿಚ್ಚು ಒಂದೇ. ಹೆಂಡತಿ “ನನ್ನ ತಮ್ಮ” ಎಂದರೆ ಸಾಕು, ಒಳಗೆ ಢಣಢಣ ಶುರುವಾಗುತ್ತಿತ್ತು.

ಮನೆಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಮರುಜನ್ಮ ಕೊಟ್ಟವನು ಆ ತಮ್ಮನೇ. ಹೆಂಡತಿ ಅದರಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದಳು. ಅಂದು ಬೆಳಿಗ್ಗೆ ಗುಂಡಿ ಒತ್ತಿದರೆ ಚಿತ್ರವಿಲ್ಲ, ಮೌಸ್ ಬಾಣವಿಲ್ಲ! ಕಪ್ಪು ಪರದೆ, ಒಂದು ಸಾಲು ಬಿಳಿ ಅಕ್ಷರ, ಮಿಟುಕುವ ಒಂದು ಗೀಟು.

“ರೀ, ಮಧ್ಯಾಹ್ನ ಮನೆ ಕಟ್ಟಿಸೋರು ಬರ್ತಾರೆ. ನಕ್ಷೆಯೆಲ್ಲ ಇದರೊಳಗಿದೆ. ತಮ್ಮನಿಗೆ ಫೋನ್ ಮಾಡ್ತೀನಿ.”

“ಬೇಡ! ನಾನೇನು ಸತ್ತಿದ್ದೀನಾ?”

ಸತ್ತಿರಲಿಲ್ಲ. ಡಬ್ಬ ಬಿಚ್ಚಿದರು, ಬ್ರಷ್ ಆಡಿಸಿದರು, ಗಡಿಯಾರದ ಎಣ್ಣೆಯ ಶೀಶೆ ಎತ್ತಿದರು. ಹೆಂಡತಿ ಅದನ್ನು ಕಿತ್ತುಕೊಂಡಳು. ಮತ್ತೆ ಮುಚ್ಚಿದಾಗ ಒಂದು ಸ್ಕ್ರೂ ಮಿಕ್ಕಿತು, ಪರದೆ ಕಪ್ಪಗೇ ಉಳಿಯಿತು.

ಕೊನೆಗೆ ಗುಟ್ಟಾಗಿ ಫೋನ್ ತೆಗೆದು, ಲಿನಕ್ಸ್ ಬಳಸುವವರ ಗುಂಪಿನಲ್ಲಿ ‘ನೊಂದವನು’ ಎಂಬ ಹೆಸರಿನಿಂದ ಬರೆದರು: “ಅರೆಬರೆ ಕಲಿತ ನನ್ನ ಭಾವಮೈದುನ ಹಾಕಿಕೊಟ್ಟ ಲಿನಕ್ಸ್ ಕೈಕೊಟ್ಟಿದೆ. ಬಲ್ಲವರು ಕಾಪಾಡಿ!”

‘ಕಿರುದೀಪ’ ಎಂಬಾತ ತಕ್ಷಣ ಉತ್ತರಿಸಿದ. “ಗಾಬರಿ ಬೇಡ ಸಾರ್. ಅಲ್ಲೇ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ಆಮೇಲೆ ನಾನು ಹೇಳಿದ್ದನ್ನ ಟೈಪ್ ಮಾಡಿ.”

ಗಡಿಯಾರದವರು ಉಬ್ಬಿಹೋದರು. “ನೋಡೇ, ನನ್ನ ಕಡೆಯ ತಜ್ಞರು! ವಿದ್ಯೆ ಅಂದ್ರೆ ಇದು, ವಿನಯ ಅಂದ್ರೆ ಇದು! ತುಂಬಿದ ಕೊಡ ತುಳುಕಲ್ಲ. ನಿನ್ನ ತಮ್ಮ ಇವರ ಉಗುರಿಗೂ ಸಮ ಇಲ್ಲ!”

ಆದರೆ ಅವನು ಹೇಳಿದ್ದನ್ನು ಟೈಪ್ ಮಾಡಿ ನೋಡಿದರೆ, ಇಲ್ಲಿ ತುಂಬಿದ್ದು ಕಂಪ್ಯೂಟರಿನ ಡಿಸ್ಕ್. ನೂರಕ್ಕೆ ನೂರು! “ಡೆಸ್ಕ್‌ಟಾಪ್ ಎದ್ದು ಕೂರೋಕೆ ಚೂರು ಜಾಗ ಇಲ್ಲ ಸಾರ್. ಈಚೆಗೆ ಏನಾದ್ರೂ ತುಂಬಿಸಿದ್ರಾ?” ಎಂದು ಕಿರುದೀಪ ಕೇಳಿದ.

ತುಂಬಿಸಿದ್ದರು. ತನ್ನ ತಮ್ಮ ಬೆಟ್ಟ ಹತ್ತಿದ ವಿಡಿಯೊಗಳನ್ನು ಹೆಂಡತಿ ಅದರಲ್ಲಿಟ್ಟುಕೊಂಡು ದಿನಾ ನೋಡುತ್ತಿದ್ದಳು. ಸಹಿಸಲಾಗದೆ ಗಡಿಯಾರದವರು, ತಾವು ರಿಪೇರಿ ಮಾಡಿದ ಒಂದೊಂದು ಗಡಿಯಾರವೂ ಹನ್ನೆರಡು ಹೊಡೆಯುವ ವಿಡಿಯೊಗಳನ್ನು ಹಿಂದಿನ ದಿನವಷ್ಟೇ ಅದರೊಳಗೆ ಸುರಿದಿದ್ದರು. ‘ಗುಣವಾದ ಗಡಿಯಾರಗಳು’ ಎಂದು ಫೋಲ್ಡರಿನ ಹೆಸರನ್ನು ಹೆಮ್ಮೆಯಿಂದಲೇ ಬರೆದು ಕಳಿಸಿದರು.

ಆಮೇಲೆ ಉತ್ತರ ಬಂತು.

“ಭಾವ, ನೀವಾ? ಧೈರ್ಯವಾಗಿ ಅಳಿಸಿ. ದಿನಾ ನನಗೂ ಕಳಿಸ್ತೀರಲ್ಲ, ಎಲ್ಲ ಇಟ್ಕೊಂಡಿದ್ದೀನಿ. ಅಕ್ಕನಿಗೆ ಏನೂ ಹೇಳಲ್ಲ.”

ಹಾಳಾದವನು ಒಳ್ಳೆಯವನೂ ಹೌದು! ಗಡಿಯಾರದವರಿಗೆ ಇನ್ನಷ್ಟು ಉರಿಯಿತು. ಅಳಿಸಿ, ಕಂಪ್ಯೂಟರನ್ನು ಮತ್ತೆ ಶುರು ಮಾಡಿದರು. ಪರದೆ ಬೆಳಗಿತು, ನಕ್ಷೆಗಳೆಲ್ಲ ಸುರಕ್ಷಿತವಾಗಿದ್ದವು.

ಹೆಂಡತಿ ಹಿಗ್ಗಿದಳು. “ಎಂಥ ಒಳ್ಳೇ ಮನುಷ್ಯರು ರೀ! ಸಂಜೆ ಊಟಕ್ಕೆ ಕರೀರಿ. ನನ್ನ ತಮ್ಮನನ್ನೂ ಕರೀತೀನಿ, ಪಕ್ಕದಲ್ಲಿ ಕೂತು ಸ್ವಲ್ಪ ವಿನಯ ಕಲೀಲಿ. ಇಬ್ಬರಿಗೂ ತಟ್ಟೆ ಇಡ್ತೀನಿ.”

ಗಡಿಯಾರದವರು ಮಿಕ್ಕಿದ್ದ ಸ್ಕ್ರೂವನ್ನು ಬೆರಳಲ್ಲಿ ತಿರುಗಿಸುತ್ತ ನೆಲ ನೋಡಿದರು.

“ಒಂದೇ ತಟ್ಟೆ ಇಡು, ಸಾಕು.”