ತಟ್ಟೆಯಲ್ಲೊಂದು ಪ್ರಾಣಿ

ಸಸ್ಯವೋ ಪ್ರಾಣಿಯೋ ಅನ್ನೋದನ್ನ ಎರಡೇ ನಿಮಿಷದಲ್ಲಿ ಹೇಳಿಬಿಡ್ತೀನಿ ಎಂದು ಛ್ಯೂ ಮೇಷ್ಟ್ರು ಊಟದ ಮೇಜಿನಿಂದಲೇ ಘೋಷಿಸಿದರು, ಬಾಯಲ್ಲಿ ಹಲ್ಲುಕಡ್ಡಿ ಆಡಿಸುತ್ತ. ತೈನಾನ್ ಊರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಅಂಗಾಂಶಗಳ ಪಾಠ ಹೇಳಿ ನಿವೃತ್ತರಾದ ಮಹಾನುಭಾವರು ಸುಮ್ಮನಿರೋದುಂಟೇ!

ಮಗಳ, ಅಂದರೆ ಮೇಷ್ಟ್ರ ಹೆಂಡತಿಯ, ಮಂಡಿ ಆಪರೇಷನ್ ಸುಸೂತ್ರವಾಗಲಿ ಅಂತ ಅತ್ತೆ ಗುವಾನ್‌ಯಿನ್ ದೇವಿಗೆ ಹರಕೆ ಹೊತ್ತಿದ್ದರು, ನೂರು ದಿನ ಮಾಂಸ ಮುಟ್ಟೋಲ್ಲ ಅಂತ. ಅವರ ಜೊತೆಗೆ ಇಡೀ ಮನೆಯೂ ಮುಟ್ಟುವ ಹಾಗಿರಲಿಲ್ಲ. ಇವತ್ತು ನೂರನೇ ದಿನ. ನಾಳೆಗೆಂದು ಮೇಷ್ಟ್ರು ಹಂದಿಮಾಂಸ ತಂದು ಫ್ರಿಜ್ಜಿನಲ್ಲಿ ಬಚ್ಚಿಟ್ಟೂ ಆಗಿತ್ತು. ಅಷ್ಟರಲ್ಲಿ ಅತ್ತೆಗೆ ಗುಮಾನಿ! ಕಳಲೆಯನ್ನು ಸೋಯಾ ಹಾಳೆಯಲ್ಲಿ ಸುತ್ತಿ ಕರಿದ ಅಂಗಡಿಯ 'ಹುಸಿ ಬಾತುಕೋಳಿ' ಒಂದು ತುಂಡು ತಿಂದವರೇ, ಇಷ್ಟು ರುಚಿ ಅಂದ್ರೆ ನಿಜವಾದ ಬಾತುಕೋಳಿಯೇ ಇರಬೇಕು ಅಂದುಬಿಟ್ಟರು.

ಮೇಷ್ಟ್ರು ಅಟ್ಟದಿಂದ ಸೂಕ್ಷ್ಮದರ್ಶಕ ಇಳಿಸಿದರು. ಕೈಲಿದ್ದ ಕಡ್ಡಿಯಿಂದಲೇ ಇನ್ನೊಂದು ತುಂಡನ್ನು ಕೆರೆದು, ಗಾಜಿನ ಮೇಲೆ ಸವರಿ, ಒಂದು ಹನಿ ನೀಲಿ ಬಣ್ಣ ಬಿಟ್ಟು ಕಣ್ಣಿಟ್ಟರು. ಇಟ್ಟಿಗೆ ಜೋಡಿಸಿದ ಹಾಗೆ ಜೀವಕೋಶಗಳು, ಸುತ್ತ ಗಟ್ಟಿ ಕೋಶಭಿತ್ತಿ. ಕಳಲೆಯೇ! ಹಂದಿಮಾಂಸ ಬಚಾವಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಏನು ಗಂಟು ಹೋಗ್ತಿತ್ತೋ! ಗಾಜನ್ನು ಸ್ವಲ್ಪ ಸರಿಸಿದರು. ಚಪ್ಪಟೆ ಕೋಶಗಳು, ಅಂಕುಡೊಂಕು ಅಂಚು, ಭಿತ್ತಿಯೇ ಇಲ್ಲ, ನಡುವೆ ಒಂದೊಂದು ನೀಲಿ ಚುಕ್ಕೆ. ಮೇಷ್ಟ್ರಿಗೆ ನಾಲಿಗೆ ತಡೆಯಲಾಗಲಿಲ್ಲ.

"ಅನುಲೇಪಕ ಅಂಗಾಂಶ! ಇದು ಪ್ರಾಣೀದೇ, ಅನುಮಾನವೇ ಇಲ್ಲ!"

ಅತ್ತೆಯ ಮುಖ ಬಿಳಿಚಿಕೊಂಡಿತು. ನೂರು ದಿನದ ಹರಕೆ ಮಣ್ಣುಪಾಲಾಯಿತಲ್ಲ ಅಂತ ಕಣ್ಣು ಒರೆಸಿಕೊಂಡರು. ಆಮೇಲೆ ದೇವರ ಗೂಡಿನ ಕಡೆ ಕೈಮುಗಿದು, ನಾಳೆಯಿಂದ ಮತ್ತೆ ಒಂದನೇ ದಿನ ಅಂದರು. ಇಡೀ ಮನೆಗೆ ಅನ್ನೋದನ್ನ ಹೇಳಬೇಕಾಗಿರಲಿಲ್ಲ. ಮೇಷ್ಟ್ರು ಫ್ರಿಜ್ಜಿನ ಕಡೆ ನೋಡಿದರು.

ಹೆಂಡತಿ ಶೂಫನ್ ಮಾತ್ರ ಗಂಡನ ಕೈಯನ್ನೇ ನೋಡುತ್ತಿದ್ದಳು.

"ರೀ, ಕೆರೆದಿದ್ದು ಯಾವುದರಲ್ಲಿ?"

"ಇದರಲ್ಲೇ ಕಣೆ, ಹಲ್ಲುಕಡ್ಡೀಲಿ."

"ಅದು ಅದಕ್ಕೆ ಮುಂಚೆ ಎಲ್ಲಿತ್ತು?"

ಮೇಷ್ಟ್ರ ಬಾಯಿ ತೆರೆಯಿತು, ಮುಚ್ಚಲಿಲ್ಲ. ಹಲ್ಲುಕಡ್ಡಿಯಿಂದ ಕೆನ್ನೆಯ ಒಳಗೆ ಕೆರೆದು ನೋಡಿ, ಚಪ್ಪಟೆ ಕೋಶಗಳು ಕಾಣುತ್ತವೆ ಅಂತ ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿಕೊಟ್ಟವರು ಅವರೇ!

ಶೂಫನ್ ಅಮ್ಮನ ಕೈ ಹಿಡಿದುಕೊಂಡಳು. "ಅಳಬೇಡ ಅಮ್ಮಾ. ಪ್ರಾಣಿ ಹೌದು, ಆದ್ರೆ ನೀನು ತಿಂದಿಲ್ಲ. ಅದಿನ್ನೂ ಬದುಕಿದೆ, ಇಲ್ಲೇ ಬಾಯಿ ಬಿಟ್ಟುಕೊಂಡು ಕೂತಿದೆ ನೋಡು."